ಬಂದೋಬಸ್ತಿಗೆ ಮೊದಲು, ತರಬೇತಿಗೆ ಕೊನೆಗೆ: ಅರಸೀಕೆರೆಯಿಂದ ಹಳೇಬೀಡಿನವರೆಗೆ ಒಂದು ಮಾತು

 

ಈ ಕಂತನ್ನ ನಾನು ಬೆಂಗಳೂರಿನ ರೂಮಲ್ಲಿ ಕೂತು ರೆಕಾರ್ಡ್ ಮಾಡ್ತಿಲ್ಲ. ಊರಿಗೆ ಬಂದಿದ್ದೀನಿ. ಅರಸೀಕೆರೆ. ನಮ್ಮ ಮನೆ ಮಹಡಿ ಮೇಲಿನ ಕೋಣೆ. ಮಧ್ಯೆ ಮಧ್ಯೆ ರೈಲಿನ ಹಾರ್ನ್ ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ. ಬೆಂಗಳೂರು, ಹುಬ್ಬಳ್ಳಿ, ಹಾಸನ ಮೂರೂ ಕಡೆಯ ಗಾಡಿ ಸೇರೋ ಜಂಕ್ಷನ್ ಇದು. ಇಲ್ಲಿ ಹುಟ್ಟಿದವರಿಗೆ ಹಾರ್ನ್ ಕೇಳದಿದ್ರೇನೇ ನಿದ್ದೆ ಬರಲ್ಲ.

ಇವತ್ತಿನ ವಿಷಯ ಪೊಲೀಸ್ ಇಲಾಖೆಯಲ್ಲಿರೋ ಹೆಣ್ಣುಮಕ್ಕಳ ತರಬೇತಿ. ಕೆಲಸಕ್ಕೆ ಸೇರುವಾಗ ಕೊಡೋ ಪರೇಡು, ಓಟ, ಫೈರಿಂಗ್ ಅಲ್ಲ. ಸೇರಿದ ಮೇಲೆ, ಐದು ವರ್ಷ, ಹತ್ತು ವರ್ಷ ಆದ ಮೇಲೆ ಸಿಗಬೇಕಾದ ತರಬೇತಿ. "ಇದೇನು ಸಪ್ಪೆ ವಿಷಯ" ಅಂತ ಮುಂದಕ್ಕೆ ಓಡಿಸಬೇಡಿ. ಒಂದು ಇಪ್ಪತ್ತು ನಿಮಿಷ ಕೊಡಿ.

ನನಗೆ ಈ ವಿಷಯ ಸಿಕ್ಕಿದ್ದು ಒಬ್ಬ ಗೆಳತಿಯಿಂದ. ಅವಳೂ ನಾನೂ ಒಟ್ಟಿಗೆ ಬಿ.ಕಾಂ. ಮಾಡಿದವರು. ಕಾಸ್ಟ್ ಅಕೌಂಟಿಂಗ್ ನೋಟ್ಸ್ ಅವಳದ್ದು, ಕ್ಯಾಂಟೀನ್ ಬಿಲ್ ನನ್ನದು, ಅದು ನಮ್ಮ ಒಪ್ಪಂದ. ಫೈನಲ್ ಇಯರ್ ಮುಗಿದ ಮೇಲೆ ನಾನು ಒಬ್ಬ ಆಡಿಟರ್ ಹತ್ತಿರ ಜಿಎಸ್‌ಟಿ ರಿಟರ್ನ್ ತುಂಬೋಕೆ ಸೇರಿದೆ. ಅವಳು ಕಾನ್‌ಸ್ಟೆಬಲ್ ಪರೀಕ್ಷೆ ಬರೆದು ಪಾಸಾದಳು. ಅವಳ ಹೆಸರು, ಠಾಣೆ ಯಾವುದನ್ನೂ ಹೇಳಲ್ಲ. ಅವಳ ಕೆಲಸಕ್ಕೆ ತೊಂದರೆ ಆಗಬಾರದು. ಅವಳು ಒಪ್ಪಿದ ಮೇಲೇ ಇದನ್ನ ಹೇಳ್ತಿದ್ದೀನಿ.

ಮೊದಲ ಸಲ ಅವಳಿಗೆ ಐದು ದಿನದ ಒಂದು ತರಬೇತಿಗೆ ಹೆಸರು ಬಂತು. ಮಕ್ಕಳು, ಹೆಂಗಸರ ಮೇಲಿನ ಅಪರಾಧಗಳನ್ನ ಹೇಗೆ ನಿಭಾಯಿಸಬೇಕು ಅನ್ನೋ ಕೋರ್ಸು. ಫೋನ್ ಮಾಡಿ, "ಏ, ನನ್ನ ಹೆಸರು ಬಂದಿದೆ ಕಣೆ" ಅಂತ ಸ್ಕೂಲ್ ಹುಡುಗಿ ಥರ ಕುಣಿದಳು. ಎರಡು ದಿನ ಬಿಟ್ಟು ಮತ್ತೆ ಫೋನ್. "ಬಿಡಲ್ವಂತೆ. ಜಾತ್ರೆ ಬಂದೋಬಸ್ತ್ ಇದೆಯಂತೆ." ಎರಡನೇ ಸಲ ಹೆಸರು ಬಂದಾಗ ಅವಳ ಮಗೂಗೆ ಒಂದೂವರೆ ವರ್ಷ. ಮಗು ಕರ್ಕೊಂಡು ಹೋಗೋಕೆ ಅಲ್ಲಿ ವ್ಯವಸ್ಥೆ ಇಲ್ಲ, ಬಿಟ್ಟು ಹೋಗೋಕೆ ಇಲ್ಲಿ ಯಾರೂ ಇಲ್ಲ. ಅವಳೇ ಬೇಡ ಅಂತ ಬರ್ಕೊಟ್ಟಳು. ಮೂರನೇ ಸಲ ಚುನಾವಣೆ. ಆಗ ಅವಳು ಅಂದ ಮಾತು ಇದು: "ಕ್ಯೂ ನಿಲ್ಲಿಸೋಕೆ ನಾನೇ ಬೇಕು. ಕಲಿಯೋಕೆ ಮಾತ್ರ ಬೇರೆ ಯಾರಾದ್ರೂ ಆಗುತ್ತೆ."

ಅಷ್ಟೇ ಆಗಿದ್ರೆ ನಾನು ಒಂದು ಕಂತು ಮಾಡ್ತಿರಲಿಲ್ಲ. ಎಲ್ಲಾ ಕೆಲಸದಲ್ಲೂ ಇಂಥದ್ದು ಇರುತ್ತೆ ಅಂತ ಸುಮ್ಮನಾಗ್ತಿದ್ದೆ. ಆದ್ರೆ ಒಂದು ರಾತ್ರಿ ನಡೆದಿದ್ದನ್ನ ಅವಳು ಹೇಳಿದಳು.

ಠಾಣೆಗೆ ಒಬ್ಬ ತಾಯಿ ಮಗಳನ್ನ ಕರ್ಕೊಂಡು ಬಂದಿದ್ರು. ಸ್ಕೂಲಿಗೆ ಹೋಗೋ ಮಗು. ಏನಾಗಿತ್ತು ಅಂತ ನಾನು ಹೇಳಲ್ಲ, ನಿಮಗೆ ಅರ್ಥ ಆಗುತ್ತೆ. ಆ ಠಾಣೆಯಲ್ಲಿ ಮಹಿಳಾ ಸಬ್ ಇನ್‌ಸ್ಪೆಕ್ಟರ್ ಇರಲಿಲ್ಲ. ಬೇರೆ ಕಡೆಯಿಂದ ಬರಬೇಕಿತ್ತು. ಅವರು ಬರೋವರೆಗೆ ಮಗು ಜೊತೆ ಕೂರೋಕೆ ಇದ್ದವಳು ನನ್ನ ಗೆಳತಿ. ಎರಡು ಗಂಟೆಗೂ ಹೆಚ್ಚು ಹೊತ್ತು. ಮಗು ಅವಳನ್ನ ಕೇಳಿದ್ದು ಒಂದೇ ಪ್ರಶ್ನೆ: "ಆಂಟಿ, ಇದನ್ನ ನಾನು ಇನ್ನೊಂದ್ಸಲ ಹೇಳಬೇಕಾ?"

ನನ್ನ ಗೆಳತಿ ಹೇಳಿದಳು, "ನಾನೇನೂ ಕೇಳಲಿಲ್ಲ. ಕೇಳಬಾರದು ಅಂತ ಗೊತ್ತಿತ್ತು. ಆದ್ರೆ ಆ ಪ್ರಶ್ನೆಗೆ ಏನು ಹೇಳಬೇಕು ಅಂತ ಗೊತ್ತಿರಲಿಲ್ಲ. ನೀರು ಬೇಕಾ ಪುಟ್ಟಿ ಅಂದೆ, ಅಷ್ಟೇ."

ಅವಳು ತಪ್ಪಿಸಿಕೊಂಡ ಆ ಕೋರ್ಸಲ್ಲಿ ಹೇಳಿಕೊಡೋದು ಇದನ್ನೇ ಅಲ್ವಾ? ಈ ಮಾತು ನನ್ನ ತಲೇಲಿ ಕೂತುಬಿಡ್ತು.

ಸರಿ, ಈಗ ಕಾನೂನು ಏನು ಹೇಳುತ್ತೆ ನೋಡೋಣ. 2012ರ ಪೋಕ್ಸೊ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಮಗುವಿನ ಹೇಳಿಕೆಯನ್ನ ಅದರ ಮನೆಯಲ್ಲಿ, ಇಲ್ಲಾ ಅದು ಸಾಮಾನ್ಯವಾಗಿ ಇರೋ ಜಾಗದಲ್ಲಿ, ಇಲ್ಲಾ ಅದು ಇಷ್ಟಪಟ್ಟ ಜಾಗದಲ್ಲಿ ತಗೋಬೇಕು. ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ ತಗೋಬೇಕು. ಅವರ ದರ್ಜೆ ಸಬ್ ಇನ್‌ಸ್ಪೆಕ್ಟರ್‌ಗಿಂತ ಕೆಳಗೆ ಇರಬಾರದು. ಯೂನಿಫಾರ್ಮ್ ಹಾಕಿರಬಾರದು. ಮಗುವನ್ನ ಯಾವ ಕಾರಣಕ್ಕೂ ರಾತ್ರಿ ಠಾಣೆಯಲ್ಲಿ ಇರಿಸಿಕೊಳ್ಳೋ ಹಾಗಿಲ್ಲ.

2024ರ ಜುಲೈ 1ರಿಂದ ಹೊಸ ಕಾನೂನುಗಳು ಬಂದ್ವು. ಸಿಆರ್‌ಪಿಸಿ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ. ಲೈಂಗಿಕ ದೌರ್ಜನ್ಯದಂಥ ಅಪರಾಧಗಳಲ್ಲಿ ಸಂತ್ರಸ್ತೆಯ ದೂರನ್ನ ಮಹಿಳಾ ಅಧಿಕಾರಿಯೇ ಬರ್ಕೋಬೇಕು ಅಂತ ಅದರ 173ನೇ ಸೆಕ್ಷನ್ ಹೇಳುತ್ತೆ. ಸೂರ್ಯ ಮುಳುಗಿದ ಮೇಲೆ, ಹುಟ್ಟೋಕೆ ಮುಂಚೆ ಹೆಂಗಸರನ್ನ ಬಂಧಿಸೋ ಹಾಗಿಲ್ಲ. ತೀರಾ ಅನಿವಾರ್ಯ ಅಂದ್ರೆ ಮಹಿಳಾ ಪೊಲೀಸ್ ಅಧಿಕಾರಿ ಲಿಖಿತ ವರದಿ ಕೊಟ್ಟು ಮ್ಯಾಜಿಸ್ಟ್ರೇಟರ ಅನುಮತಿ ತಗೋಬೇಕು. ಹುಡುಕಾಟ, ಜಪ್ತಿ ಎಲ್ಲವನ್ನೂ ವಿಡಿಯೊ ಮಾಡಬೇಕು. ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧ ಆಗಿದ್ರೆ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬರಬೇಕು. ಅತ್ಯಾಚಾರ, ಪೋಕ್ಸೊ ಪ್ರಕರಣಗಳ ತನಿಖೆ ಎರಡು ತಿಂಗಳಲ್ಲಿ ಮುಗೀಬೇಕು.

ಈ ಪಟ್ಟಿ ಓದಿದಾಗ ನಿಮಗೇನು ಅನಿಸ್ತು? ನನಗೆ ಅನಿಸಿದ್ದು ಇದು: ಕಾನೂನು ಹೆಜ್ಜೆ ಹೆಜ್ಜೆಗೂ ಮಹಿಳಾ ಅಧಿಕಾರಿ ಬೇಕು ಅನ್ನುತ್ತೆ. ಆದ್ರೆ ದೇಶದ ಒಟ್ಟು ಪೊಲೀಸರಲ್ಲಿ ಹೆಣ್ಣುಮಕ್ಕಳು ನೂರಕ್ಕೆ ಸುಮಾರು 12 ಜನ. ಕೇಂದ್ರ ಗೃಹ ಸಚಿವಾಲಯ 2013ರಲ್ಲೇ ರಾಜ್ಯಗಳಿಗೆ ಪತ್ರ ಬರೆದು ಇದು 33 ಆಗಬೇಕು, ಪ್ರತಿ ಠಾಣೆಯಲ್ಲಿ ಕನಿಷ್ಠ 3 ಮಹಿಳಾ ಸಬ್ ಇನ್‌ಸ್ಪೆಕ್ಟರ್, 10 ಮಹಿಳಾ ಕಾನ್‌ಸ್ಟೆಬಲ್ ಇರಬೇಕು ಅಂದಿತ್ತು. ನಿಮ್ಮ ಊರಿನ ಠಾಣೆಗೆ ಹೋಗಿ ಎಣಿಸಿ ನೋಡಿ. ಎಣಿಸೋಕೆ ಎರಡೂ ಕೈ ಬೇಕಾಗುತ್ತಾ ಅಂತ ನನಗೆ ಹೇಳಿ.

ಹಾಗಂತ ಏನೂ ಬದಲಾಗಿಲ್ಲ ಅಂದ್ರೆ ಅದೂ ತಪ್ಪಾಗುತ್ತೆ. ತಿರುವಾಂಕೂರು ಸಂಸ್ಥಾನ 1933ರಲ್ಲೇ ಹೆಂಗಸರನ್ನ ಪೊಲೀಸ್ ಕೆಲಸಕ್ಕೆ ತಗೊಂಡಿತ್ತು. 1972ರಲ್ಲಿ ಕಿರಣ್ ಬೇಡಿ ಐಪಿಎಸ್‌ಗೆ ಬಂದ್ರು. ನಮ್ಮ ಕರ್ನಾಟಕ ಕೇಡರ್‌ಗೆ ಮೊದಲು ಬಂದ ಮಹಿಳೆ 1975ರ ಬ್ಯಾಚಿನ ಜೀಜಾ ಹರಿಸಿಂಗ್. ಅಲ್ಲಿಂದ 42 ವರ್ಷ ಆದ ಮೇಲೆ, 2017ರಲ್ಲಿ, ನೀಲಮಣಿ ಎನ್. ರಾಜು ರಾಜ್ಯದ ಮೊದಲ ಮಹಿಳಾ ಡಿಜಿ-ಐಜಿಪಿ ಆದ್ರು. ಅವರ ಕಾಲದಲ್ಲೇ, 2018ರಲ್ಲಿ, ಮಹಿಳಾ ಸಿಬ್ಬಂದಿ ಡ್ಯೂಟಿಯಲ್ಲಿ ಖಾಕಿ ಸೀರೆ ಬದಲು ಪ್ಯಾಂಟು ಶರ್ಟು ಹಾಕಬೇಕು ಅಂತ ಆದೇಶ ಬಂತು. ಸೀರೆ ಉಟ್ಕೊಂಡು ಕಳ್ಳನ ಹಿಂದೆ ಓಡಿ ಅಂದ್ರೆ ಹೇಗೆ ಓಡ್ತಾರೆ? ನಮ್ಮ ಹಾಸನ ಜಿಲ್ಲೆಗೇ 2023ರಲ್ಲಿ ಮಹಿಳಾ ಎಸ್‌ಪಿ ಬಂದ್ರು, ಮೊಹಮ್ಮದ್ ಸುಜೀತಾ ಅವರು.

ಅಂದ್ರೆ ಮೇಲೆ ಜಾಗ ಸಿಕ್ಕಿದೆ. ಕೆಳಗಡೆ ಸೇರ್ಪಡೆನೂ ಆಗ್ತಿದೆ. ಮಧ್ಯದ ಮೆಟ್ಟಿಲು ಇದೆಯಲ್ಲ, ಕಾನ್‌ಸ್ಟೆಬಲ್‌ನಿಂದ ತನಿಖೆ ಮಾಡೋ ಅಧಿಕಾರಿ ಆಗೋ ಮೆಟ್ಟಿಲು, ಅಲ್ಲೇ ಸಿಕ್ಕಿಹಾಕಿಕೊಂಡಿದ್ದೀವಿ. ಪಿಎಸ್‌ಐ ನೇಮಕಾತಿ ಕಥೆ ನಿಮಗೆಲ್ಲ ಗೊತ್ತು. 545 ಹುದ್ದೆಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯ್ತು, ಅಕ್ರಮ ಬಯಲಿಗೆ ಬಂದು 2022ರಲ್ಲಿ ರದ್ದಾಯ್ತು, ಮರುಪರೀಕ್ಷೆ ಆಗಿದ್ದು 2024ರ ಜನವರಿಯಲ್ಲಿ. ನನ್ನ ಗೆಳತಿ ಥರ ಎಷ್ಟೋ ಜನ ಡ್ಯೂಟಿ ಮಾಡ್ಕೊಂಡೇ ಪಿಎಸ್‌ಐಗೆ ಓದ್ತಿದ್ರು. ಅವರ ಎರಡು ವರ್ಷ ಹಾಗೇ ಹೋಯ್ತು.

ಇನ್ನೊಂದು ಕಡೆಯವರ ಮಾತನ್ನೂ ಕೇಳಬೇಕು ಅಲ್ವಾ? ಅದಕ್ಕೆ ಬೇಲೂರಿಗೆ ಹೋದೆ. ಅಲ್ಲಿ ನಿವೃತ್ತ ಎಎಸ್‌ಐ ಒಬ್ಬರು ನಮ್ಮ ಸಂಬಂಧಿಕರ ಮನೆ ಪಕ್ಕದಲ್ಲೇ ಇದ್ದಾರೆ. ಕಾಫಿ ಕೊಟ್ಟು ಕೂರಿಸಿ ನೇರವಾಗಿ ಕೇಳಿದ್ರು:

"ನೀನು ಹೇಳೋದು ಸರಿ ಕಣವ್ವ. ಆದ್ರೆ ಠಾಣೆಗೆ ಇರೋದೇ ಇಬ್ಬರು ಮೂವರು ಹೆಣ್ಣುಮಕ್ಕಳು. ಒಬ್ಬಳಿಗೆ ಬಾಣಂತನ, ಒಬ್ಬಳು ಕೋರ್ಟ್ ಡ್ಯೂಟಿ. ಉಳಿದವಳನ್ನ ಮೈಸೂರಿಗೆ ಕಳಿಸಿದ್ರೆ, ರಾತ್ರಿ ಯಾರಾದ್ರೂ ಹೆಂಗಸು ಆರೋಪಿ ಸಿಕ್ಕಿದ್ರೆ ನಾನು ಯಾರನ್ನ ಕರೀಲಿ ಹೇಳು?"

ನನಗೆ ತಕ್ಷಣ ಉತ್ತರ ಬರಲಿಲ್ಲ. ಅವರ ಮಾತಲ್ಲಿ ನ್ಯಾಯ ಇದೆ. ಈ ಭಾಗದ ಬಂದೋಬಸ್ತ್ ಸಣ್ಣದಲ್ಲ. ಹಾಸನಾಂಬೆ ಬಾಗಿಲು ವರ್ಷಕ್ಕೆ ಒಂದೇ ಸಲ ತೆಗೆಯೋದು, ಲಕ್ಷಾಂತರ ಜನ ಬರ್ತಾರೆ. ಬೇಲೂರು ಚೆನ್ನಕೇಶವನ ತೇರು ಬೇರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಶುರುವಾದ ಮೇಲೆ ಬಸ್ಸಲ್ಲಿ ಬರೋ ಹೆಂಗಸರ ಸಂಖ್ಯೆ ಜಾಸ್ತಿ ಆಯ್ತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರ ಯುನೆಸ್ಕೊ ವಿಶ್ವ ಪರಂಪರೆ ಪಟ್ಟಿಗೆ ಸೇರಿದ್ವು. ಬರೋ ಹೆಂಗಸರು ಜಾಸ್ತಿ ಆದಷ್ಟೂ ಅವರನ್ನ ನೋಡ್ಕೊಳ್ಳೋಕೆ ಮಹಿಳಾ ಸಿಬ್ಬಂದಿ ಬೇಕು. ಇರೋ ಅಷ್ಟೇ ಜನರನ್ನ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಎಳೆದಾಡ್ತಾರೆ.

ಹಾಗಾದ್ರೆ ಇದು ಒಂದು ಚಕ್ರ. ಜನ ಕಡಿಮೆ, ಅದಕ್ಕೆ ತರಬೇತಿಗೆ ಬಿಡಲ್ಲ. ತರಬೇತಿ ಇಲ್ಲ, ಅದಕ್ಕೆ ತನಿಖೆ ಕೆಲಸ ಕೊಡಲ್ಲ. ತನಿಖೆ ಮಾಡಿದ ಅನುಭವ ಇಲ್ಲ, ಅದಕ್ಕೆ ಅಧಿಕಾರಿ ಆಗೋಕೆ ಧೈರ್ಯ ಮಾಡಲ್ಲ. ಮಹಿಳಾ ಅಧಿಕಾರಿಗಳು ಕಡಿಮೆ ಇರೋದ್ರಿಂದ ಇರೋರ ಮೇಲೆ ಇನ್ನೂ ಭಾರ. ಆ ಭಾರ ನೋಡಿ ಮನೆಯವರು "ಆ ಕೆಲಸ ಬೇಡವ್ವ" ಅಂತಾರೆ. ಮತ್ತೆ ಜನ ಕಡಿಮೆ.

ಈ ಚಕ್ರ ಒಂದು ಸಲ ಮುರಿದ್ರೆ ಏನಾಗುತ್ತೆ ಅನ್ನೋದನ್ನ ನಮ್ಮ ಜಿಲ್ಲೆಯೇ ನೋಡಿದೆ. 2024ರಲ್ಲಿ ಹಾಸನದ ಹೆಸರು ದೇಶದ ತುಂಬಾ ಯಾಕೆ ಕೇಳಿಬಂತು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ. ಪೆನ್‌ಡ್ರೈವ್‌ಗಳು, ವಿಡಿಯೊಗಳು, ಬೀದಿಗೆ ಬಿದ್ದ ಹೆಂಗಸರ ಮಾನ. ಆಗ ರಚನೆಯಾದ ವಿಶೇಷ ತನಿಖಾ ತಂಡದಲ್ಲಿ ಹಿರಿಯ ಮಹಿಳಾ ಐಪಿಎಸ್ ಅಧಿಕಾರಿಗಳಿದ್ರು. ಸಂತ್ರಸ್ತೆಯರು ಮಾತಾಡೋಕೆ ಅಂತಲೇ ಸಹಾಯವಾಣಿ ತೆರೆದ್ರು. ಆರೋಪಿ ವಿದೇಶದಿಂದ ಬಂದು ಇಳಿದಾಗ ಬಂಧಿಸಿದ್ದು ಮಹಿಳಾ ಪೊಲೀಸರ ತಂಡ. 2025ರ ಆಗಸ್ಟ್‌ನಲ್ಲಿ ವಿಶೇಷ ನ್ಯಾಯಾಲಯ ಒಂದು ಪ್ರಕರಣದಲ್ಲಿ ಜೀವಾವಧಿ ಶಿಕ್ಷೆ ಕೊಟ್ಟಿತು. ಮನೆಕೆಲಸ ಮಾಡ್ತಿದ್ದ ಒಬ್ಬ ಹೆಣ್ಣುಮಗಳು ದೊಡ್ಡ ಮನೆತನದ ವಿರುದ್ಧ ಬಾಯಿ ಬಿಡಬೇಕಾದ್ರೆ, ಎದುರಿಗೆ ಕೂತು ಬರ್ಕೊಳ್ಳೋರು ಹೇಗೆ ಕೂತಿದ್ರು, ಹೇಗೆ ಕೇಳಿದ್ರು ಅನ್ನೋದು ಮುಖ್ಯ ಆಗುತ್ತೆ. ಡಿಜಿಟಲ್ ಸಾಕ್ಷ್ಯವನ್ನ ಕೆಡದ ಹಾಗೆ ಕಾಪಾಡೋದೂ ಅಷ್ಟೇ ಮುಖ್ಯ. ಇವೆರಡೂ ಹುಟ್ಟಿನಿಂದ ಬರೋ ಗುಣ ಅಲ್ಲ, ಕಲಿಯೋ ವಿದ್ಯೆ. ಹೆಂಗಸು ಅಂದ ತಕ್ಷಣ ಹೆಂಗಸಿನ ನೋವು ತಾನಾಗೇ ಅರ್ಥ ಆಗುತ್ತೆ ಅಂತ ಇಲಾಖೆಯೂ ಅಂದ್ಕೋಬಾರದು, ನಾವೂ ಅಂದ್ಕೋಬಾರದು.

ಆದ್ರೆ ವಿಶೇಷ ತಂಡ ಎಲ್ಲಾ ಊರಿಗೂ ಬರಲ್ಲ. ಅರಸೀಕೆರೆ ಪ್ಲಾಟ್‌ಫಾರ್ಮಲ್ಲಿ ರಾತ್ರಿ ಒಂದು ಗಂಟೆಗೆ ಮನೆ ಬಿಟ್ಟು ಬಂದ ಹುಡುಗಿ ಸಿಕ್ಕಿದ್ರೆ, ಅವಳ ಹತ್ತಿರ ಮೊದಲು ಹೋಗೋದು ಡ್ಯೂಟಿಯಲ್ಲಿರೋ ಕಾನ್‌ಸ್ಟೆಬಲ್.

ಬೇಲೂರಿಂದ ಹಳೇಬೀಡಿಗೆ 16 ಕಿಲೋಮೀಟರ್. ಬಸ್ ಹತ್ತಿ ಅಲ್ಲಿಗೂ ಹೋದೆ. ಹೊರಡೋಕೆ ಮುಂಚೆ ದೇವಸ್ಥಾನದಲ್ಲಿ ಒಂದು ಸುತ್ತು ಹಾಕಿದೆ. ಎಲ್ಲರೂ ಫೋಟೊ ತೆಗೆಯೋದು ಕನ್ನಡಿ ಹಿಡಿದ ಶಿಲಾಬಾಲಿಕೆಯದ್ದು. ಅದೇ ಸಾಲಲ್ಲಿ ಬೇಟೆಗೆ ಹೊರಟವಳೂ ಇದ್ದಾಳೆ. ಅವಳ ಕೆಳಗೆ ಅಷ್ಟೊಂದು ಜನ ನಿಲ್ಲಲ್ಲ. ನಾನು ಸ್ವಲ್ಪ ಹೊತ್ತು ನಿಂತೆ. ಹೊಯ್ಸಳ ಅನ್ನೋ ಹೆಸರನ್ನ ಬೆಂಗಳೂರು ಪೊಲೀಸರು ತಮ್ಮ ಗಸ್ತು ಗಾಡಿಗೆ ಇಟ್ಕೊಂಡಿದ್ದಾರಲ್ಲ, ಹುಲಿ ಮೇಲೆ ಬಿದ್ದಾಗ "ಹೊಯ್ ಸಳ" ಅಂದ ಕಥೆ ಅದು. ಅಪಾಯದಲ್ಲಿ ಯಾರನ್ನ ಕೂಗ್ತೀವೋ ಅವರಿಗೆ ಹೊಡೆಯೋಕೆ ಬರಬೇಕು ಅಲ್ವಾ? ಸಳನಿಗೂ ಗುರುಗಳು ಮೊದಲು ವಿದ್ಯೆ ಕಲಿಸಿದ್ರು, ಆಮೇಲೆ ಹುಲಿ ಬಂತು.

ಹಳೇಬೀಡಲ್ಲಿ ದೇವಸ್ಥಾನದ ಹತ್ತಿರ ಅಂಗಡಿ ಇಟ್ಟಿರೋ ಒಬ್ಬ ಅಮ್ಮ ಸಿಕ್ಕಿದ್ರು. ಕಲ್ಲಿನ ಸಣ್ಣ ಸಣ್ಣ ಮೂರ್ತಿ ಮಾರ್ತಾರೆ. "ದೊಡ್ಡ ಆರ್ಡರ್ ಕೊಡ್ತೀವಿ" ಅಂತ ಯಾರೋ ಫೋನ್ ಮಾಡಿ, ಕ್ಯೂಆರ್ ಕೋಡ್ ಕಳಿಸಿ, ಅವರ ಖಾತೆಯಿಂದಲೇ ದುಡ್ಡು ಎಳ್ಕೊಂಡಿದ್ರು. ಅವರಿಗೆ ಗೊತ್ತಿದ್ದ ಒಬ್ಬ ಮಹಿಳಾ ಕಾನ್‌ಸ್ಟೆಬಲ್‌ಗೆ ಫೋನ್ ಮಾಡಿದ್ರಂತೆ. ಆ ಹುಡುಗಿ "ಅಮ್ಮ, ಮೊದಲು 1930ಕ್ಕೆ ಫೋನ್ ಮಾಡಿ, ಆಮೇಲೆ ಅಳಿ" ಅಂದಳಂತೆ. ಸೈಬರ್ ವಂಚನೆಯಲ್ಲಿ ಮೊದಲ ಒಂದೆರಡು ಗಂಟೆಯೇ ಎಲ್ಲ. ದುಡ್ಡು ಖಾತೆಯಿಂದ ಖಾತೆಗೆ ಹಾರೋ ಮೊದಲು ತಡೆಹಿಡಿಯಬೇಕು. ಅಮ್ಮನ ದುಡ್ಡಲ್ಲಿ ಅರ್ಧದಷ್ಟು ಉಳೀತು.

ಅದನ್ನ ಆ ಹುಡುಗಿ ಎಲ್ಲಿ ಕಲಿತಳು? ಮನೆಯಲ್ಲಿ. ಪೊಲೀಸರಿಗೆ ಅಂತಲೇ ಕೇಂದ್ರ ಸರ್ಕಾರದ ಸೈಟ್ರೇನ್ ಅನ್ನೋ ಆನ್‌ಲೈನ್ ತರಬೇತಿ ಇದೆ. ಮಗು ಮಲಗಿದ ಮೇಲೆ ಮೊಬೈಲಲ್ಲಿ ನೋಡಿ ಮುಗಿಸಿದ್ದಂತೆ. ಇಂಥದ್ದು ಇರೋದು ಒಳ್ಳೇದೇ. ಆದ್ರೆ ಹನ್ನೆರಡು ಗಂಟೆ ಡ್ಯೂಟಿ ಮಾಡಿ, ಅಡುಗೆ ಮಾಡಿ, ಮಗು ಮಲಗಿಸಿ, ಆಮೇಲೆ ಕಲಿಯೋದನ್ನ ನಾವು "ವ್ಯವಸ್ಥೆ" ಅಂತ ಕರೀಬಾರದು. ಅದು ಅವಳ ಹಠ.

ಕಾಮರ್ಸ್ ಓದಿದವಳು ನಾನು, ಲೆಕ್ಕ ಹಾಕದೆ ಬಿಡಲ್ಲ. ಒಬ್ಬ ಹುಡುಗಿ 22ಕ್ಕೆ ಕೆಲಸಕ್ಕೆ ಸೇರಿದ್ರೆ 60ಕ್ಕೆ ನಿವೃತ್ತಿ. 38 ವರ್ಷ. ವರ್ಷಕ್ಕೆ 300 ದಿನ ಡ್ಯೂಟಿ ಅಂದ್ಕೊಳ್ಳಿ, 11,400 ದಿನ. ಅದರಲ್ಲಿ ಐದು ದಿನದ ಒಂದು ತರಬೇತಿ ಅಂದ್ರೆ ಎರಡು ಸಾವಿರದಲ್ಲಿ ಒಂದು ಭಾಗವೂ ಅಲ್ಲ. ಅಕೌಂಟ್ಸಲ್ಲಿ ನಾವು ಖರ್ಚನ್ನ ಎರಡು ಥರ ಬರೀತೀವಿ. ಈ ವರ್ಷಕ್ಕೇ ಮುಗಿದುಹೋಗೋ ಖರ್ಚು ಒಂದು, ಹಲವು ವರ್ಷ ಫಲ ಕೊಡೋ ಬಂಡವಾಳದ ಖರ್ಚು ಇನ್ನೊಂದು. ಠಾಣೆಯ ಡ್ಯೂಟಿ ಪುಸ್ತಕದಲ್ಲಿ ತರಬೇತಿ ಮೊದಲನೇ ಥರ ಕಾಣುತ್ತೆ: ಐದು ದಿನ ಒಬ್ಬಳು ಇಲ್ಲ, ನಷ್ಟ. ನಿಜವಾಗಿ ಅದು ಎರಡನೇ ಥರದ್ದು. ನಮ್ಮ ಆಡಿಟರ್ ಸಾರ್ ಇದ್ದಿದ್ರೆ, "ತಪ್ಪು ತಲೆಬರಹದಲ್ಲಿ ಬರೆದಿದ್ದೀಯ, ಹೊಡೆದು ಹಾಕಿ ಸರಿಯಾಗಿ ಬರಿ" ಅಂತಿದ್ರು.

ಹಾಗಾದ್ರೆ ಏನು ಮಾಡಬಹುದು? ನಾನು ತಜ್ಞೆ ಅಲ್ಲ. ಇವರೆಲ್ಲರ ಮಾತು ಕೇಳಿ ನನಗೆ ತೋಚಿದ ನಾಲ್ಕು ಹೇಳ್ತೀನಿ.

ಒಂದು, ತರಬೇತಿಯನ್ನ ಹತ್ತಿರಕ್ಕೆ ತನ್ನಿ. ಮೈಸೂರಿನ ಪೊಲೀಸ್ ಅಕಾಡೆಮಿ ದೊಡ್ಡ ಸಂಸ್ಥೆ, ಸರಿ. ಆದ್ರೆ ಹಾಸನದ ಪಕ್ಕ ಶಾಂತಿಗ್ರಾಮದಲ್ಲೇ ಪೊಲೀಸ್ ತರಬೇತಿ ಶಾಲೆ ಇದೆ. ಅರಸೀಕೆರೆ, ಬೇಲೂರು, ಹಳೇಬೀಡಿನವರಿಗೆ ಅಂತ ಅಲ್ಲೇ ಕೋರ್ಸು ಮಾಡಿದ್ರೆ ತುಂಬಾ ಜನ ಬೆಳಗ್ಗೆ ಹೋಗಿ ಸಂಜೆ ಮನೆಗೆ ಬರಬಹುದು.

ಎರಡು, ಮಗು ಇರೋರಿಗೆ ತರಬೇತಿ ಜಾಗದಲ್ಲಿ ಒಂದು ಕೋಣೆ, ಒಬ್ಬ ಆಯಾ. ರಾಜ್ಯ ಸರ್ಕಾರ 2021ರಲ್ಲಿ ಮಹಿಳಾ ನೌಕರರಿಗೆ ಆರು ತಿಂಗಳ ಶಿಶುಪಾಲನಾ ರಜೆ ಕೊಟ್ಟಿತು. ರಜೆ ಕೊಟ್ಟ ಸರ್ಕಾರಕ್ಕೆ ಒಂದು ಕೋಣೆ ಕೊಡೋದು ಕಷ್ಟವೇ?

ಮೂರು, ಆ ನಿವೃತ್ತ ಎಎಸ್‌ಐ ಕೇಳಿದ ಪ್ರಶ್ನೆಗೆ ಉತ್ತರ: ಬದಲಿ ಸಿಬ್ಬಂದಿ. ತರಬೇತಿ ಪಟ್ಟಿ ಬಂದ ದಿನವೇ ಪಕ್ಕದ ಠಾಣೆಯಿಂದ ಯಾರು ಬರ್ತಾರೆ ಅಂತಲೂ ಜಿಲ್ಲಾ ಕಚೇರಿಯಿಂದಲೇ ಬರಲಿ. ಜಾತ್ರೆಗೆ ಆರು ಜಿಲ್ಲೆಯಿಂದ ಸಿಬ್ಬಂದಿ ಕರೆಸೋಕೆ ಬರುತ್ತೆ ಅಂದ್ರೆ, ತರಬೇತಿಗೆ ಒಬ್ಬಳನ್ನ ಕರೆಸೋಕೂ ಬರುತ್ತೆ.

ನಾಲ್ಕು, ಲೆಕ್ಕ ಇಡಿ. ಎಷ್ಟು ಹೆಣ್ಣುಮಕ್ಕಳ ಹೆಸರು ಪಟ್ಟಿಗೆ ಬಂತು ಅಂತ ಮಾತ್ರ ಬರ್ಕೋಬೇಡಿ. ಎಷ್ಟು ಜನ ನಿಜವಾಗಿ ಹೋದ್ರು, ಹೋಗದವರು ಯಾಕೆ ಹೋಗಲಿಲ್ಲ, ಹೋಗಿ ಬಂದವರಿಗೆ ಕಲಿತ ಕೆಲಸ ಕೊಟ್ರಾ ಇಲ್ಲಾ ಮತ್ತೆ ಕ್ಯೂ ನಿಲ್ಲಿಸೋಕೇ ಹಾಕಿದ್ರಾ, ಅದನ್ನೂ ಬರ್ಕೊಳ್ಳಿ. ಮೂರು ಸಲ ತಪ್ಪಿದವರಿಗೆ ನಾಲ್ಕನೇ ಸಲ ಇಲ್ಲ ಅನ್ನೋ ಹಾಗಿರಬಾರದು.

ಕೊನೆಗೆ, ಆ ಮಗುವಿನ ಪ್ರಶ್ನೆ. "ಇದನ್ನ ನಾನು ಇನ್ನೊಂದ್ಸಲ ಹೇಳಬೇಕಾ?" ಗೆಳತಿ ಆಮೇಲೆ ಅದನ್ನ ಒಬ್ಬ ಹಿರಿಯ ಮಹಿಳಾ ಅಧಿಕಾರಿ ಹತ್ತಿರ ಕೇಳಿದಳಂತೆ. ಅವರು ಹೇಳಿದ್ದು: "ಸುಳ್ಳು ಹೇಳಬಾರದು. ಹೌದು ಪುಟ್ಟ, ಇನ್ನೂ ಕೆಲವರಿಗೆ ಹೇಳಬೇಕಾಗಬಹುದು. ಆದ್ರೆ ಯಾರು ಕೇಳ್ತಾರೆ, ಯಾಕೆ ಕೇಳ್ತಾರೆ ಅಂತ ನಿಂಗೆ ಮೊದಲೇ ಹೇಳ್ತೀವಿ, ಅಮ್ಮ ನಿನ್ನ ಪಕ್ಕದಲ್ಲೇ ಇರ್ತಾಳೆ. ಹಾಗನ್ನಬೇಕು." ಎರಡು ವಾಕ್ಯದ ಉತ್ತರ. ಆ ರಾತ್ರಿ ಅವಳಿಗೆ ಬೇಕಾಗಿದ್ದು ಅಷ್ಟೇ.

ಈಗ ನಾಲ್ಕನೇ ಸಲ ಅವಳ ಹೆಸರು ಪಟ್ಟಿಗೆ ಬಂದಿದೆ. ಅತ್ತೆ ಬಂದು ಮಗು ನೋಡ್ಕೊಳ್ತೀನಿ ಅಂದಿದ್ದಾರೆ, ಬ್ಯಾಗ್ ರೆಡಿ ಇದೆ. ಸೋಮವಾರ ಬೆಳಗ್ಗೆ ಹೊರಡಬೇಕು. ನಾನು ಇದನ್ನ ರೆಕಾರ್ಡ್ ಮಾಡ್ತಿರೋದು ಶುಕ್ರವಾರ ಸಂಜೆ. ಠಾಣೆಯಿಂದ ಬಿಡುಗಡೆ ಆದೇಶ ಇನ್ನೂ ಕೈಗೆ ಬಂದಿಲ್ಲ. ಏನಾಯ್ತು ಅಂತ ಮುಂದಿನ ಕಂತಿನ ಶುರುವಲ್ಲೇ ಹೇಳ್ತೀನಿ.

ನಿಮ್ಮ ಮನೆಯಲ್ಲಿ, ನಿಮ್ಮ ಬೀದಿಯಲ್ಲಿ ಪೊಲೀಸ್ ಕೆಲಸದಲ್ಲಿರೋ ಹೆಣ್ಣುಮಕ್ಕಳಿದ್ರೆ ಅವರನ್ನ ಒಂದು ಮಾತು ಕೇಳಿ: ಕೊನೇ ಸಲ ಏನಾದ್ರೂ ಹೊಸದು ಕಲಿಯೋಕೆ ಕಳಿಸಿದ್ದು ಯಾವಾಗ? ಅವರು ಹೇಳಿದ್ದನ್ನ, ಹೆಸರು ಊರು ಇಲ್ಲದೆ, ನನಗೆ ಬರೆದು ಕಳಿಸಿ. ಓದ್ತೀನಿ.

ಅಲ್ಲಿಯವರೆಗೆ, ಅರಸೀಕೆರೆಯಿಂದ ನಮಸ್ಕಾರ.